ಅರ್ಧ ಸ್ವರ ಕೆಳಗೆ

ಹಾರ್ಲಿಂಗೆನ್ನಿನಲ್ಲಿ ಸೇತುವೆ ಎತ್ತುವುದು ನನ್ನ ಕೆಲಸ.
ಹಡಗು ಕೂಗಿದರೆ
ಡಾಂಬರು ರಸ್ತೆ ಎದ್ದು ನಿಂತು ದಾರಿ ಬಿಡುತ್ತದೆ.
ಕೂಗದಿದ್ದರೆ ಗಾಜಿನ ಗೂಡು, ಫ್ಲಾಸ್ಕಿನ ಕಾಫಿ,
ಮೂರು ತುಂಡಾಗಿ ಬಟ್ಟೆಯಲ್ಲಿ ಮಲಗಿರುವ
ಬಾಕ್ಸ್‌ವುಡ್ ರೆಕಾರ್ಡರ್.

‘ಎರಡು ತಿಂಗಳ ಸಂಬಳ, ಒಂದು ಪೀಪಿಗೆ!
ನನ್ನ ಮಗಳ ಶಾಲೆಯಲ್ಲಿ ಪ್ಲಾಸ್ಟಿಕ್ಕಿನದು
ಹನ್ನೊಂದು ಯೂರೋಗೆ ಕೊಡ್ತಾರೆ’
ಅಂತಾನೆ ರಾತ್ರಿ ಪಾಳಿಯ ಬೌಕೆ.
ಹೌದಪ್ಪ.

ಮೂಲದ್ದು ಮ್ಯೂಸಿಯಮ್ಮಿನಲ್ಲಿದೆ.
ಮುನ್ನೂರು ವರ್ಷದ ಮುದುಕಿ, ಯಾರೂ ಊದುವಂತಿಲ್ಲ,
ಒಂದು ಬಿಸಿಯುಸಿರು ಸಾಕು ಸೀಳುವುದಕ್ಕೆ.
ಹಿಲ್ಕೆ ಕೈಗವಸು ತೊಟ್ಟು ಒಳಗೆಲ್ಲ ಅಳೆದು ತಂದ.
ಎಲ್ಲಿ ಹಿಗ್ಗಿದೆ, ಎಲ್ಲಿ ಕುಗ್ಗಿದೆ,
ಆರನೆಯ ತೂತಿನ ಬಳಿ ಯಾರದೋ ಉಳಿ ಜಾರಿದ್ದು ಸಹ.
ಆ ತಪ್ಪನ್ನೂ ತಪ್ಪಿಲ್ಲದೆ ಕೊರೆದಿದ್ದಾನೆ.
ಬಾಯಂಚಿನಲ್ಲಿ ಮಾತ್ರ ಅದಕ್ಕೆ ಎರಡು ಹಲ್ಲಿನ ಗುರುತು.
ಇದಕ್ಕಿಲ್ಲ.
ಯಾಕೆ ಬಿಟ್ಟೆ ಅಂದೆ.
‘ಮರ ನನ್ನದು,’ ಅಂದ, ‘ಹಲ್ಲು ನಿಮ್ಮದು.’

ಮೊದಲ ತಿಂಗಳು ಪೂರಾ ಬಾಣಂತನ.
ದಿನಕ್ಕೆ ಹತ್ತೇ ನಿಮಿಷ, ತಾರಕ ಬೇಡ,
ವಾರಕ್ಕೊಮ್ಮೆ ಹಕ್ಕಿಗರಿಯಲ್ಲಿ ಅದ್ದಿ ಬಾದಾಮಿ ಎಣ್ಣೆ.
ಊದುವ ಮುನ್ನ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಬೇಕು;
ಕಂಡ ದೋಣಿಯವನೊಬ್ಬ ಜ್ವರವೇ ಅಂತ ಕೇಳಿದ.
ಆದರೂ ಗಂಟಲು ಕಟ್ಟುತ್ತದೆ,
ಚೆನ್ನಾಗಿ ಹೋಗುತ್ತಿರುವಾಗಲೇ.
ಆಗ ಉಸಿರನ್ನು ಹಿಂದಕ್ಕೆ ಹೀರಿ
ನನ್ನ ಎಂಜಲು ನಾನೇ ನುಂಗುತ್ತೇನೆ.

ಇದರ ಶ್ರುತಿ ಈ ಕಾಲಕ್ಕಿಂತ ಅರ್ಧ ಸ್ವರ ಕೆಳಗೆ.
ಚರ್ಚಿನ ಪಿಯಾನೋಕ್ಕೆ ಕೂಡದು,
ರೇಡಿಯೋಕ್ಕೆ ಕೂಡದು. ಹೆಂಡತಿ ಜೊತೆಗೆ ಹಾಡಹೊರಟು
ಹಲ್ಲು ಚುಳ್ಳೆಂದು ಎದ್ದು ಹೋದಳು.

ನಿನ್ನೆ ಬೆಳಗಿನ ಜಾವ ಮಂಜು.
ಏಳೂ ತೂತು ಮುಚ್ಚಿ, ಹೆಬ್ಬೆರಳೂ ಸೇರಿ,
ತೀರ ಕೆಳಗಿನ ಸ್ವರ ಹಿಡಿದು ಕೂತಿದ್ದೆ.
ಸಮುದ್ರದ ಕಡೆಯಿಂದ ಮರಳಿನ ಹಡಗು ಕೂಗಿತು.
ಅದೇ ಸ್ವರ.
ಕೂದಲೆಳೆಯ ವ್ಯತ್ಯಾಸವಿಲ್ಲ.
ಯಾವುದಕ್ಕೂ ಕೂಡದ್ದು
ತುಕ್ಕು ಹಿಡಿದ ಒಂದು ಹಾರನ್ನಿಗೆ ಕೂಡಿತಲ್ಲ!
ಮತ್ತೆ ಊದಿದೆ. ಮತ್ತೆ ಕೂಗಿದ, ಈ ಸಲ ಸಿಟ್ಟಿನಿಂದ.
ಆಗ ನೆನಪಾಯಿತು ಸೇತುವೆ.
ಅದಕ್ಕೆ ಎರಡೂ ಕೈ ಬೇಕು,
ಒಂದು ಗೇಟಿಗೆ, ಒಂದು ಗುಂಡಿಗೆ.

ಆರು ನಿಮಿಷ ತಡ.
ಕಾರಣದ ಖಾನೆಯಲ್ಲಿ ‘ಮಂಜು’ ಅಂತ ಬರೆದೆ.

ಒರೆಸುವಾಗ ನೋಡಿದರೆ
ಬಾಯಂಚಿನಲ್ಲಿ ಹೊಸದೊಂದು ತಗ್ಗು,
ಉಗುರಿಟ್ಟರಷ್ಟೇ ತಿಳಿಯುವಂಥದ್ದು.
ಅಲ್ಲಿ, ಗಾಜಿನೊಳಗಿನದರ ಯಜಮಾನ,
ಅವನ ಎರಡೂ ಕೈಗೆ
ಅಂಥದ್ದೇನು ಕೆಲಸ ಬಂದಿತ್ತೋ.