ಬುಧವಾರದ ಠರಾವು

ಠರಾವು ಬರೆದದ್ದು ನಾನೇ.
ಮೊದಲು ಕನ್ನಡದಲ್ಲಿ,
ಆಮೇಲೆ ಸೆಕ್ರೆಟರಿಗೆ ತಿಳಿಯಲೆಂದು ಮಲಯಾಳದಲ್ಲಿ:
ಪ್ರತಿ ಬುಧವಾರ ಉಪ್ಪಳ ಪೇಟೆಗೆ ಕಾರು ಬರಕೂಡದು.

ಕಾರಣವನ್ನೂ ಬರೆದಿದ್ದೆ.
ಮುಸೋಡಿಯಲ್ಲಿ ಕಡಲು ಈ ಸಲ ಎಳಕೊಂಡದ್ದು
ಬೀಫಾತುಮ್ಮನ ಅಡುಗೆಕೋಣೆ, ಎರಡು ತೆಂಗು.
ಬಾವಿ ಉಳಿಯಿತು, ನೀರು ಉಪ್ಪು.
ನೋಡಲು ಹೋದವಳಿಗೆ ಆಕೆ ಹೇಳಿದ್ದಿಷ್ಟೆ:
"ಬಸ್ಸಿನ ದುಡ್ಡು ಉಳಿಸಲಿಕ್ಕೆ ನಡೆದವಳು ಟೀಚರೇ, ನಾನು."

ಸಭೆಗೆ ಜನ ಬಂದರು.
ಓಮ್ನಿಯ ಕುಂಞಾಮು ಒಳಗೆ ಬರಲಿಲ್ಲ,
ಬಾಗಿಲಲ್ಲೇ ನಿಂತು ಕೇಳಿದ:
"ಬುಧವಾರ ಡಯಾಲಿಸಿಸ್ ಉಂಟು.
ನಾಲ್ಕು ಜನರನ್ನು ದೇರಳಕಟ್ಟೆಗೆ ಒಯ್ಯುವವ ನಾನು.
ರಕ್ತಕ್ಕೆ ವಾರ ಗೊತ್ತುಂಟಾ?"
ವಿನಾಯಿತಿ, ಎಂದು ಬರೆದೆ.

ಮೀನಿನ ಟೆಂಪೊ. ಬರೆದೆ.
ಮದುವೆ ಇದ್ದರೆ ಎಂತ ಮಾಡುವುದು? ಬರೆದೆ.
ಲೂಸಿ ಕ್ರಾಸ್ತ ಎದ್ದು ನಿಂತಳು:
ಹೆದ್ದಾರಿ ಅಗಲವಾಗಿ ಗೋಡೆ ಬಂದ ಮೇಲೆ
ಎದುರಿನ ಮದ್ದಿನಂಗಡಿ ಕಣ್ಣಿಗೆ ಕಾಣುತ್ತದೆ,
ಕಾಲಿಗೆ ಸಿಗುವುದಿಲ್ಲ.
"ನಡೆಯಿರಿ ಅಂತೀರಿ. ಎಲ್ಲಿ?"
ಇದಕ್ಕೆ ಏನು ಬರೆಯಬೇಕೋ ತೋಚಲಿಲ್ಲ.
ಗೆರೆ ಎಳೆದು ಜಾಗ ಬಿಟ್ಟೆ.

ವಕೀಲ ವಿಠಲ ಆಳ್ವರು ಗಂಟಲು ಸರಿಮಾಡಿಕೊಂಡರು.
ಅವರದು ಕರೆಂಟಿನ ಕಾರು, ಹೊಗೆಯೇ ಇಲ್ಲ.
ಮನೆಯಲ್ಲಿ ಇನ್ನೆರಡುಂಟು, ಪೆಟ್ರೋಲಿನವು,
ಬುಧವಾರ ಅವು ಮಲಗಲಿ, ಇದು ಬರಲಿ.
ತಪ್ಪೇನು ಹುಡುಕಲಿ ಅದರಲ್ಲಿ?
ಎಲ್ಲರೂ ಚಪ್ಪಾಳೆ ತಟ್ಟಿದರು.
ಕುಂಞಾಮುವೂ.

ಪಟ್ಟಿ ಎರಡನೇ ಪುಟಕ್ಕೆ ದಾಟಿತು.
ಕೊನೆಗೆ ಠರಾವು ಪೂರ್ತಿ ತಗುಲಿದ್ದು
ಕಾರೇ ಇಲ್ಲದವರಿಗೆ.
ಅವರು ಅದನ್ನು ಎಷ್ಟೋ ವರ್ಷಗಳಿಂದ
ಏಳೂ ದಿನ ಪಾಲಿಸುತ್ತಿದ್ದರು.

ಮಂಗಳವಾರ ರಾತ್ರಿ, ತಲಪಾಡಿಯ ಆಚೆ, ಬಂಕಿನಲ್ಲಿ ಸಾಲು.
ಗಡಿ ದಾಟಿದರೆ ಲೀಟರಿಗೆ ಒಂದಿಷ್ಟು ಕಮ್ಮಿ.
ಆ ಕಮ್ಮಿಗಾಗಿ ಅಷ್ಟು ದೂರ ಸುಟ್ಟುಕೊಂಡು ಬಂದ
ಕೆಎಲ್ ಹದಿನಾಲ್ಕುಗಳು, ಒಂದರ ಹಿಂದೊಂದು.
ಏಳನೆಯದು ನನ್ನದು.

ನನ್ನ ಹಿಂದೆ ಓಮ್ನಿ.
ಅವನು ಹಾರ್ನ್ ಹಾಕಲಿಲ್ಲ.
ನಾಲ್ಕು ಮನೆಯಿಂದ ಕೂಡಿಸಿದ ನೋಟುಗಳನ್ನು
ತೊಡೆಯ ಮೇಲಿಟ್ಟು
ಅಂಗೈಯಿಂದ ತೀಡುತ್ತಿದ್ದ,
ಒಂದೊಂದನ್ನೇ, ಮಡಿಕೆ ಹೋಗುವ ತನಕ.

"ಫುಲ್ಲಾ ಮೇಡಂ?" ಪಂಪಿನ ಹುಡುಗ ಕೇಳಿದ.

ಕನ್ನಡಿಯಲ್ಲಿ ಆ ಕೈ ಇನ್ನೂ ಆಡುತ್ತಿತ್ತು.

ಫುಲ್, ಅಂದೆ.