ಕಿವಿಯಿಲ್ಲದ ಹುಲ್ಲು

ಅಮದಳ್ಳಿಯ ಬೈಲಿನಲ್ಲಿ ನಾನು ಮದ್ದು ಹೊಡೆಯುವವನು.
ಒಂದು ಟ್ಯಾಂಕಿಗೆ ಇಷ್ಟು ಎಂದು ರೇಟು.
ಮಡಗಾಂವ್ ಗಾಡಿ ಹೋಗುವುದರೊಳಗೆ ಮುಗಿಸಬೇಕು,
ಆಮೇಲೆ ಕಡಲ ಗಾಳಿ ಎದ್ದರೆ
ಗುನಗಿಯ ಗದ್ದೆಯ ಮದ್ದು ನನ್ನ ಮೋರೆಗೇ.

ಮೊದಲ ವರ್ಷ, ಅಬ್ಬಾ,
ಮೂರೇ ದಿನಕ್ಕೆ ಹುಲ್ಲು ಹಳದಿ, ವಾರಕ್ಕೆ ಕೆಂಪು.
ಭತ್ತ ಮಾತ್ರ ತನಗೇನೂ ಗೊತ್ತಿಲ್ಲದ ಹಾಗೆ ನಿಂತಿತ್ತು.
ಬುದವಂತಿಯ ಗುಂಪಿನ ಒಂಬತ್ತು ಹೆಂಗಸರನ್ನು
ಆ ಸಲ ಕಳೆ ಕೀಳಲು ಯಾರೂ ಕರೆಯಲಿಲ್ಲ.
ನನಗೆ ಗುನಗಿ ಒಂದು ಕೋಳಿ ಕೊಟ್ಟ.

ನಾಲ್ಕನೇ ವರ್ಷ ಮೂಲೆಯಲ್ಲಿ ಒಂದು ಹಿಡಿ ಉಳಿಯಿತು.
ನಾಜಲ್ಲಿನ ತೂತು ಕಟ್ಟಿರಬೇಕು ಅಂದೆ.
ಆರನೇ ವರ್ಷ, ಒಂದು ಮುಚ್ಚಳ ಇದ್ದದ್ದು ಎರಡಾಯಿತು.
ಪೆಡ್ನೇಕರನ ಅಂಗಡಿಯಲ್ಲಿ ಬಾಟಲಿಯ ಬಣ್ಣ ಬದಲಾಯಿತು,
ಹೆಸರು ಬದಲಾಯಿತು,
ವಾಸನೆ ಅದೇ.
ಈ ವರ್ಷ, ಹೊಡೆದು ಹನ್ನೆರಡು ದಿನ,
ಹುಲ್ಲು ಭತ್ತಕ್ಕಿಂತ ಒಂದು ಗೇಣು ಮೇಲೆ,
ಈಗಷ್ಟೇ ಮಿಂದು ಬಂದ ಹಾಗೆ ಹಸಿರು.

ಗುನಗಿಯೇ ಹೋಗಿ ಬುದವಂತಿಯನ್ನು ಕರೆದ.
ಕೂಲಿ ಎಷ್ಟೆಂದು ಈ ಸಲ ಅವಳೇ ಹೇಳಿದಳು.
ಇಳಿದವಳು ಎರಡು ಗಿಡ ಕಿತ್ತು ನನ್ನ ಮುಂದೆ ಹಿಡಿದಳು.
"ಭತ್ತ ಯಾವುದು, ಹೇಳು."
ಎರಡೂ ಒಂದೇ ತಾಯ ಮಕ್ಕಳ ಹಾಗಿದ್ದವು.
"ಎಲೆ ದಂಟಿಗೆ ಕೂಡುವಲ್ಲಿ ಮುಟ್ಟು.
ಭತ್ತಕ್ಕೆ ಅಲ್ಲೊಂದು ಸಣ್ಣ ನಾಲಗೆ, ಎರಡು ಕಿವಿ.
ಇದಕ್ಕೆ ನಾಲಗೆಯೂ ಇಲ್ಲ, ಕಿವಿಯೂ ಇಲ್ಲ.
ಕಿವಿಯಿಲ್ಲದ್ದಕ್ಕೆ ಹನ್ನೊಂದು ವರ್ಷ ಬುದ್ಧಿ ಹೇಳಿದೆಯಲ್ಲ!"
ಉಳಿದವರು ನಕ್ಕರು. ನಾನೂ.

ನಗು ಮುಗಿದ ಮೇಲೆ ಬೇರೆಯೊಂದು ಹೊಳೆಯಿತು.
ಕೊಯ್ಲಿನಲ್ಲಿ ಇವಳು ಬೀಜಕ್ಕೆ ತೆನೆ ಆರಿಸುತ್ತಾಳೆ,
ಜೊಳ್ಳು ಬಿಟ್ಟು, ಬಿದ್ದದ್ದು ಬಿಟ್ಟು,
ಗಟ್ಟಿಯದನ್ನೇ ಮುಡಿ ಕಟ್ಟಿ ಅಟ್ಟಕ್ಕೆ.
ನಾನೂ ಅದನ್ನೇ ಮಾಡಿದೆ,
ಬೆನ್ನ ಮೇಲೆ ಹದಿನಾರು ಲೀಟರು ಹೊತ್ತು,
ಸಾಲು ಬಿಡದೆ,
ಬಡಕಲು ಹುಲ್ಲನ್ನೆಲ್ಲ ಕೊಂದು
ಸಾಯದ್ದನ್ನು ವರ್ಷವರ್ಷವೂ ಬೀಜಕ್ಕೆ ಬಿಟ್ಟೆ.
ಅದಕ್ಕೆ ಯಾರೂ ಕೋಳಿ ಕೊಡಲಿಲ್ಲ.

ಟ್ಯಾಂಕನ್ನು ಬದುವಿನ ಮೇಲಿಟ್ಟು ಇಳಿದೆ.
ಕೆಸರು ಬೆಚ್ಚಗಿತ್ತು. ಒಂದು ದಂಟು ಹಿಡಿದು
ಹೆಬ್ಬೆರಳಿಂದ ತಿಕ್ಕಿದೆ, ಏನೂ ತಿಳಿಯಲಿಲ್ಲ.
ಮುಚ್ಚಳ ಅಳೆದಳೆದು ತುದಿಯ ಚರ್ಮ
ಸತ್ತು ಎಷ್ಟು ಮಳೆಗಾಲವಾಯಿತೋ.
ನಾಲಗೆ ಇದೆಯೋ ಇಲ್ಲವೋ,
ತುಟಿಗೆ ತಾಗಿಸಿದರಾದರೂ ಗೊತ್ತಾದೀತೆಂದು
ಎತ್ತಿದೆ.

ಬುದವಂತಿ ಕೈಗೆ ಫಟ್ಟನೆ ಬಡಿದಳು.
"ಬಾಯಿಗೆ ಬೇಡ ಮಾರಾಯಾ, ಮದ್ದು ನಿಂದೇ.
ಹುಲ್ಲಿಗೆ ಏನೂ ಆಗಲಿಲ್ಲ ಅಂತ
ನಿನಗೂ ಆಗೂದಿಲ್ಲ ಅಂದ್ಕೊಂಡ್ಯಾ?"