ಮೂಡಿ

ಜಿಲಾಂಗ್‌ನ ನನ್ನ ಅಡುಗೆಮನೆಯಲ್ಲಿ ಕೂತು
ಫೋನಿನ ಮೇಲೆ ದುಭಾಷಿ ಕೆಲಸ. ನಿಮಿಷಕ್ಕೆ ಇಷ್ಟು ಅಂತ.
ನಿಯಮ ಒಂದೇ: ಕೂಡಿಸಬೇಡ, ಕಳೆಯಬೇಡ.
ಅವರು "ನಾನು" ಅಂದರೆ ನಾನೂ "ನಾನು" ಅನ್ನಬೇಕು.
ಹಾಗಾಗಿ ಈ ವಾರ ನನಗೆ ಎರಡು ಸಲ ಹೆರಿಗೆಯಾಗಿದೆ,
ಒಂದು ದವಡೆ ಹಲ್ಲು ಹೋಗಿದೆ,
ಮೂರು ತಿಂಗಳ ಬಾಡಿಗೆ ಬಾಕಿ ಇದೆ.

ಇವತ್ತು ಡಾಕ್ಟರ್ ಹೆನೆಸಿ. ಅವರ ಎದುರಿಗೆ ನೀಲಗಂಗಮ್ಮ,
ಮಾಲ್‌ನ ಮೂಲೆಯಲ್ಲಿ ಪ್ಯಾಂಟಿನ ಅಂಚು ಮಡಿಸಿ ಹೊಲಿಯುವಾಕೆ.
ಪಕ್ಕದಲ್ಲಿ ಸಂಗಣ್ಣ. ಅವನ ಉಸಿರು ಮಾತ್ರ ನನಗೆ ಕೇಳುತ್ತದೆ.
ಹದಿನೇಳು ವರ್ಷ ಊರಿಗೆಲ್ಲ ಜೋಡಿ ಕೀ ಕಡೆದುಕೊಟ್ಟವನು.
ಲಕ್ವ ಹೊಡೆದು ಎಂಟು ತಿಂಗಳು:
ಕೈ ಬಂತು, ಕಾಲು ಬಂತು,
ಮನುಷ್ಯ ಇನ್ನೂ ದಾರಿಯಲ್ಲಿದ್ದಾನೆ.

ಈಗೀಗ ಸ್ವಭಾವ ಹೇಗೆ, ಡಾಕ್ಟರು ಕೇಳುತ್ತಾರೆ.
ಫಾರಂನಲ್ಲಿ ಒಂದು ಗೆರೆಯಷ್ಟು ಜಾಗವಿದೆಯಂತೆ.

"ಏನಂತ ಹೇಳ್ಲಿ ಅಕ್ಕಾರ, ಕ್ಷಣ ಚಿತ್ತ, ಕ್ಷಣ ಪಿತ್ತ.
ಮುಂಜಾನಿ ಚಾ ಕೊಟ್ರ ಬಾಯ್ತುಂಬ ನಗ್ತಾನ,
ಬಸಿ ಸಪ್ಪಳಾತಂದ್ರ ಬೆಂಕಿ.
ಸಂಜಿಗೆ ನೀ ಯಾರು ಅಂತ ಕೇಳ್ತಾನ,
ನಾ ಬಾಯಿ ತೆಗಿಯೂದ್ರಾಗ ಹಾಡು ಗುನುಗ್ತಾನ.
ಸಿಟ್ಟಲ್ರೀ ಅದು. ಸೆಡವೂ ಅಲ್ಲ.
ಮಷೀನಿನ ದಾರ ನೋಡ್ರಿ,
ಎಳದ್ರ ಬರ್ತದ, ಬರ್ತದ, ಬರ್ತದ,
ಟಪ್ ಅಂತ ಹರೀತದ."

ನನ್ನ ಹತ್ತಿರ ಪದಗಳಿಲ್ಲ ಎಂದಲ್ಲ.
ಮುಂಗೋಪಿ: ಅದು ನಮ್ಮ ಹೆಡ್‌ಮೇಷ್ಟ್ರಿಗೆ ಸರಿ,
ಕೋಪಕ್ಕೂ ಮುಂಚೆ ಅವರ ಬೆತ್ತ ಬರುತ್ತಿತ್ತು.
ಸಿಡುಕ ಅನ್ನಲೆ? ಸಾಸಿವೆ ಸಿಡಿಯುವುದಕ್ಕೂ ಒಂದು ಕಾರಣವಿರುತ್ತದೆ.
ಗೋಸುಂಬೆಯೋ, ಲಾಭ ನೋಡಿ ಬಣ್ಣ ಬದಲಿಸುವವರ ಪಾಲು.
ಚಂಚಲೆ ಅಂದರೆ ಲಕ್ಷ್ಮಿ; ಬೈದರೂ ಪೂಜೆಯಾಗಿಬಿಡುತ್ತದೆ.
ತಿಕ್ಕಲು...
ಛೆ, ಹೆಂಡತಿ ಕೇಳಿಸಿಕೊಳ್ಳುತ್ತಿದ್ದಾಳೆ.

ಇವಿಷ್ಟನ್ನೂ ನಾನು ನಮ್ಮ ಗೋಡೆಯ ಗ್ಯಾಸ್ ಹೀಟರಿಗೆ
ಜೂನ್ ತಿಂಗಳಿಡೀ ಬೈದು ಮುಗಿಸಿದ್ದೇನೆ.
ಹತ್ತು ಸಲ ಗುಂಡಿ ಒತ್ತಿದರೂ ಮುಖ ಊದಿಸಿಕೊಂಡಿದ್ದು,
ನಾನು ಕೋಟು ಹಾಕಿಕೊಂಡ ಮೇಲೆ ಭುಗ್ ಅನ್ನುತ್ತದೆ.

ಕಿಟಕಿಯಾಚೆ ಕೊಲ್ಲಿಯ ಮೇಲೆ ಬಿಸಿಲಿತ್ತು, ಈಗ ಆಲಿಕಲ್ಲು.
ಇಲ್ಲಿ ಆಕಾಶದ ಸ್ವಭಾವವನ್ನು ಯಾರೂ ಫಾರಂನಲ್ಲಿ ಬರೆಯುವುದಿಲ್ಲ,
ಕಾರಿನ ಹಿಂದೆ ಒಂದು ಕೊಡೆ ಬಿಟ್ಟಿರುತ್ತಾರೆ, ಅಷ್ಟೆ.

ನಾನು ಬಸಿಯನ್ನು ಹೇಳಿದೆ, ದಾರವನ್ನು ಹೇಳಿದೆ,
ಟಪ್ ಅನ್ನುವುದನ್ನೂ ಟಪ್ ಎಂದೇ ಹೇಳಿದೆ.
ನನ್ನ ಗಂಡ, ನನ್ನ ಗಂಡ, ಎಂದೆ.
(ನನ್ನವನು ತೀರಿಕೊಂಡು ಆರು ವರ್ಷ; ಅವನಿಗೆ ಕೋಪವೇ ಬರುತ್ತಿರಲಿಲ್ಲ,
ಅದೂ ಒಂದು ಕಾಟ.)
ಕೀಲಿಮಣೆಯ ಸದ್ದು. ಆಮೇಲೆ ಡಾಕ್ಟರು, ಮೆತ್ತಗೆ:
"ಹಾಗಾದರೆ, ಮೂಡಿ."

ನಾನು ಬಾಯಿ ತೆರೆಯುವ ಮೊದಲೇ ನೀಲಗಂಗಮ್ಮ:
"ಮೂಡಿ ಅಂದ್ರಾ? ಏನ್ ಮೂಡಿತ್ರೀ?"

ನಮ್ಮ ಮೈಸೂರಿನ ಕಾಲೇಜು ಹುಡುಗಿಯರಿಗೂ ಗೊತ್ತಿದ್ದ ಮಾತು.
ಅವಳಿಗೆ ಮಾತ್ರ ಅದು ಇನ್ನೂ ನಮ್ಮದೇ ಕ್ರಿಯಾಪದ.
ಹೊತ್ತು ಮೂಡುತ್ತದೆ. ಕೂಸಿಗೆ ಹಲ್ಲು ಮೂಡುತ್ತದೆ.
ಅರಿವೆಯ ಮೇಲೆ ಅಚ್ಚು ಮೂಡುತ್ತದೆ.
ಮೂಡಿ, ಎಂದರೆ ವಾಕ್ಯ ಮುಗಿದಿಲ್ಲ;
ಮೂಡಿ, ಆಮೇಲೆ?

ಕೂಡಿಸಬೇಡ, ಕಳೆಯಬೇಡ.
"ಏನು ಮೂಡಿತು ಅಂತ ನಾನು ಕೇಳುತ್ತಿದ್ದೇನೆ," ಎಂದೆ ಇಂಗ್ಲಿಷಿನಲ್ಲಿ.
ಲೈನಿನಲ್ಲಿ ಮೂವರ ಮೌನ.

ಆಗ ಸಂಗಣ್ಣ ಮಾತಾಡಿದ, ಮೊದಲ ಸಲ:
"ಹಸಿವಾಗ್ಯದ."
ನನಗೆ ಹಸಿವಾಗಿದೆ, ಎಂದೆ.
ಅದನ್ನು ಯಾವ ಗೆರೆಯಲ್ಲಿ ಬರೆದುಕೊಂಡರೋ ಗೊತ್ತಿಲ್ಲ.

ಹದಿನಾಲ್ಕು ನಿಮಿಷ. ಕರೆ ಮುಗಿಯಿತು.
ಹಿತ್ತಲಿಗೆ ಓಡಿ, ನಾಲ್ಕನೇ ಸಲ,
ನೆನೆದ ಬಟ್ಟೆಯನ್ನೆಲ್ಲ ಬಾಚಿ ಒಳಗೆ ತಂದು
ಬಾಗಿಲು ಹಾಕುತ್ತೇನೆ,
ಬೆನ್ನ ಹಿಂದೆ ಬಿಸಿಲು ಮೂಡಿ